ನಾದಿನಿಯ ಇಂಗ್ಲಿಷು

ನನ್ನ ನಾದಿನಿ ನಮ್ಮ ಮನೆಗೆ ಇರಲು ಬಂದ ದಿನ ನಾನು ರಾಗಿ ಬೀಸುತ್ತಿದ್ದೆ. ಪೂರಿಗಾಲಿಯಿಂದ ಮಾವ ಗಾಡಿ ಕಟ್ಟಿಕೊಂಡು ಬಂದು, ಮಗಳನ್ನೂ ಅವಳ ಬಟ್ಟೆಗಂಟನ್ನೂ ಜಗಲಿಯ ಮೇಲೆ ಇಳಿಸಿ, ಎತ್ತುಗಳಿಗೆ ನೀರು ಕುಡಿಸಿ, ತಾವು ಮಾತ್ರ ಒಂದು ಗುಟುಕೂ ಕುಡಿಯದೆ ಹೊರಟುಬಿಟ್ಟರು. ಹೋಗುವಾಗ ನನ್ನ ಕಡೆ ನೋಡಿ, ‘ನೋಡ್ಕೊಳವ್ವ’ ಎಂದಷ್ಟೇ ಹೇಳಿದರು.

ಅವಳಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವಳನ್ನು ಆತಗೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಅಲ್ಲಿ ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಇವಳು ಜಗಳವಾಡಲಿಲ್ಲ, ಅಳಲಿಲ್ಲ, ತವರಿಗೆ ನಡೆದು ಬಂದಳು. ಪೂರಿಗಾಲಿಯಲ್ಲಿ ನೀರಿಗೆ ಹೋದರೆ ಒಂದು ಮಾತು, ಹೊಲಕ್ಕೆ ಹೋದರೆ ಇನ್ನೊಂದು ಮಾತು. ಕೊನೆಗೆ ನಮ್ಮ ಮನೆಯವರೇ ತಮ್ಮ ಅಪ್ಪನಿಗೆ ಹೇಳಿ ಅವಳನ್ನು ಮಳವಳ್ಳಿಗೆ ಕರೆಸಿಕೊಂಡರು. ‘ಓದಿಸ್ತೀನಿ. ಲೋಯರ್ ಸೆಕೆಂಡರಿ ಪಾಸಾದ್ರೆ ಹೆಣ್ಣುಮಕ್ಕಳ ಶಾಲೇಲಿ ಮೇಡಂ ಆಗಬೋದು’ ಎಂದು ನನಗೆ ಹೇಳಿದ್ದು ಅವಳು ಬರುವ ಹಿಂದಿನ ದಿನ. ನನ್ನನ್ನು ಕೇಳಲಿಲ್ಲ, ಹೇಳಿದರು.

ನಮ್ಮ ಮನೆಯವರು ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಹೊಲ ಉಳುವ ಆರಂಬದ ಮನೆತನದಲ್ಲಿ ಹುಟ್ಟಿ ಇಂಗ್ಲಿಷ್ ಕಲಿತವರು ಆ ಕಾಲದಲ್ಲಿ ನಮ್ಮವರಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ದಾರಿಯಲ್ಲಿ ಇವರನ್ನು ಕಂಡರೆ ಅಗ್ರಹಾರದ ಹಿರಿಯರೂ ನಿಂತು ಮಾತಾಡಿಸುತ್ತಿದ್ದರು. ನಾನು ಹಲಗೂರಿನವಳು. ಕನ್ನಡ ನಾಲ್ಕನೇ ತರಗತಿಯವರೆಗೆ ಓದಿದ್ದೆ. ಮುಂದೆ ಓದುವ ಆಸೆ ಬಹಳವಿತ್ತು, ಆದರೆ ಅಪ್ಪ ಹೊಲದ ಕೆಲಸಕ್ಕೆ ಕೈ ಸಾಲದೆಂದು ಬಿಡಿಸಿದರು. ಮೇಷ್ಟರಿಗೆ ಕೊಡುತ್ತಾರೆಂದು ತಿಳಿದಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಗಂಡನ ಮನೆಯೇ ಶಾಲೆಯಾಯಿತು ಅಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಇವರು ನನಗೆ ಸ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯುವುದನ್ನು ಕಲಿಸಿದರು. ಅಷ್ಟೇ. ‘ಮುಂದಕ್ಕೆ?’ ಎಂದರೆ, ‘ನಿಂಗ್ಯಾಕಮ್ಮಿ ಇನ್ನು? ಸೈನು ಮಾಡೋದು ಬಂತಲ್ಲ’ ಎಂದು ನಕ್ಕರು. ಆ ಸ್ಲೇಟು ಅಟ್ಟಕ್ಕೆ ಹೋಯಿತು.

ನಾದಿನಿ ಬಂದ ವಾರಕ್ಕೇ ಅದೇ ಸ್ಲೇಟು ಅಟ್ಟದಿಂದ ಇಳಿಯಿತು.

ನಮ್ಮ ಮನೆಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ಅಣ್ಣತಂಗಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ನಾನು ಈಚೆ ಒಲೆಯ ಮುಂದೆ. ಮೊದಮೊದಲು ಅಕ್ಷರ, ಕಾಗುಣಿತವಿಲ್ಲದ ಆ ಭಾಷೆಯ ವಕ್ರ ಉಚ್ಚಾರಣೆ, ಅದೆಲ್ಲ ನಡೆಯುತ್ತಿದ್ದಾಗ ನಾನು ಕಿವಿಗೊಡಲಿಲ್ಲ. ಕಿವಿಗೊಡಬಾರದು ಅಂತಲೇ ಜೋರಾಗಿ ಪಾತ್ರೆ ಸದ್ದು ಮಾಡುತ್ತಿದ್ದೆ. ಆದರೆ ಇವರ ದನಿ ಇತ್ತಲ್ಲ, ಅದು ನನ್ನ ಹತ್ತಿರ ಆಡುವ ದನಿಯೇ ಅಲ್ಲ. ನನ್ನ ಹತ್ತಿರ ಉಪ್ಪು, ಕಟ್ಟಿಗೆ, ಊರಿಗೆ ಹೋಗುವುದು, ಬರುವುದು. ಅವಳ ಹತ್ತಿರ ಮಾತಾಡುವಾಗ ಆ ದನಿಗೆ ಒಂದು ಹುರುಪು, ಒಂದು ಮೆದುತನ. ತಪ್ಪು ಹೇಳಿದರೆ ರೇಗುತ್ತಿರಲಿಲ್ಲ; ‘ಇನ್ನೊಂದ್ಸಲ ಯೋಳವ್ವ’ ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ನನಗೆ ಇನ್ನೊಂದು ಸಲವೆಂಬುದು ಇರಲಿಲ್ಲ.

ಅವಳು ಒಂದು ವರ್ಷದೊಳಗೆ ಓದುವ ಮಟ್ಟಕ್ಕೆ ಬಂದಳು. ಆಗ ಇವರು ಪದಗಳ ತಲೆ ಮತ್ತು ಬಾಲದ ಪಾಠ ಶುರುಮಾಡಿದರು. ನಮ್ಮಲ್ಲಿ ಉಪಸರ್ಗ, ಪ್ರತ್ಯಯ ಅನ್ನುತ್ತೇವಲ್ಲ, ಹಾಗೆ ಇಂಗ್ಲಿಷಿನಲ್ಲೂ ಪದದ ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು ಸೇರಿದರೆ ಅರ್ಥವೇ ಬೇರೆಯಾಗುತ್ತದೆ ಎಂದು ವಿವರಿಸಿದರು. ನ್ಯಾಯದ ಮುಂದೆ ಒಂದು ಅಕಾರ ಬಂದು ನಿಂತರೆ ಅನ್ಯಾಯ. ಹಾಗೆಯೇ ‘ಹ್ಯಾಪಿ’ ಅಂದರೆ ಸಂತೋಷದವನು, ಮುಂದೆ ‘ಅನ್’ ಬಂದರೆ ದುಃಖದವನು. ಬಳೆ ಮಾರುವವನು ಬಳೆಗಾರನಾದಂತೆ ‘ಟೀಚ್’ ಮಾಡುವವನು ‘ಟೀಚರ್’, ‘ಫಾರ್ಮ್’ ಮಾಡುವವನು ‘ಫಾರ್ಮರ್’. ‘ಫುಲ್’ ಅಂಟಿದರೆ ಉಂಟು, ‘ಲೆಸ್’ ಅಂಟಿದರೆ ಇಲ್ಲ. ‘ಯೂಸ್‌ಫುಲ್’ ಉಪಯೋಗವುಳ್ಳದ್ದು, ‘ಯೂಸ್‌ಲೆಸ್’ ಉಪಯೋಗವಿಲ್ಲದ್ದು.

ನಾನು ಹಿಟ್ಟು ತಿರುವುತ್ತಿದ್ದ ಕೋಲನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಅದುವರೆಗೆ ಇಂಗ್ಲಿಷೆಂದರೆ ಗಟ್ಟಿ ಗೋಡೆಯೆಂದು ತಿಳಿದಿದ್ದೆ. ಇದು ನೋಡಿದರೆ ಬಿಚ್ಚಿ ಜೋಡಿಸುವ ವಸ್ತು. ಒಂದು ಪದ ಗೊತ್ತಿದ್ದರೆ ನಾಲ್ಕಾರು ಪದ ಪುಕ್ಕಟೆ. ಆ ಸಂಜೆ ಹಿಟ್ಟು ಗಂಟುಗಂಟಾಯಿತು. ಇವರು ಮುದ್ದೆ ಮುರಿದು ನೋಡಿ, ಗಂಟುಗಳನ್ನು ಎಲೆಯ ಅಂಚಿಗೆ ಸರಿಸಿ ಉಂಡರು.

ಅಂದಿನಿಂದ ನನಗೆ ಹೊಟ್ಟೆಕಿಚ್ಚು ಹಿಡಿಯಿತು ಎನ್ನಬೇಕು. ಅದಕ್ಕೆ ಮೊದಲು ಇದ್ದದ್ದು ಬರೀ ಸಿಟ್ಟು. ಗಂಡನನ್ನು ಅವನ ತಂಗಿ ಹಂಚಿಕೊಂಡರೆ ಸಿಟ್ಟು ಬರುತ್ತದೆ, ಹೋಗುತ್ತದೆ. ಆದರೆ ನನಗೆ ಬೇಕಾದ ವಸ್ತುವನ್ನೇ, ನನ್ನ ಮನೆಯಲ್ಲೇ, ನನ್ನ ದೀಪದ ಎಣ್ಣೆಯಲ್ಲೇ ಇನ್ನೊಬ್ಬಳಿಗೆ ಉಣಿಸುತ್ತಿದ್ದಾರೆ, ಆ ಊಟದ ವಾಸನೆಯನ್ನು ನಾನು ಗೋಡೆಯ ಈಚೆಯಿಂದ ಹಿಡಿಯಬೇಕು! ಅವಳ ತಲೆಗೂದಲು, ಅವಳು ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ರೀತಿ, ಬಳಪ ಮೊನೆ ಮಾಡಲು ನೆಲಕ್ಕೆ ಉಜ್ಜುವ ಸದ್ದು, ಎಲ್ಲವೂ ನನಗೆ ಮುಳ್ಳಾಯಿತು. ಅವಳು ಕೆಲಸಕಳ್ಳಿಯಾಗಿದ್ದರೆ ದೂರಬಹುದಿತ್ತು. ಅದೂ ಇಲ್ಲ. ಬೆಳಗ್ಗೆ ನನಗಿಂತ ಮುಂಚೆ ಎದ್ದು ನೀರು ತರುತ್ತಿದ್ದಳು, ಕಸ ಗುಡಿಸುತ್ತಿದ್ದಳು. ದೂರಲು ಏನೂ ಸಿಗದವರ ಮೇಲೆ ಹುಟ್ಟುವ ಹೊಟ್ಟೆಕಿಚ್ಚಿನಷ್ಟು ಸುಡುವುದು ಬೇರೆ ಇಲ್ಲ.

ಕೇಳಿ ಕೇಳಿ ನಾನೂ ಪದ ಕಟ್ಟತೊಡಗಿದೆ. ಬರೆಯಲು ಬಾರದು, ಆದ್ದರಿಂದ ಎಲ್ಲವೂ ಬಾಯಲ್ಲೇ. ರಾಗಿ ಬೀಸುವಾಗ ‘ಟೈ, ಅನ್‌ಟೈ’, ಸೊಪ್ಪು ಬಿಡಿಸುವಾಗ ‘ಕೇರ್‌ಫುಲ್, ಕೇರ್‌ಲೆಸ್’. ನಮ್ಮ ಹಸುವಿಗೆ ‘ಯೂಸ್‌ಫುಲ್’ ಎಂದೂ ಪಕ್ಕದ ಮನೆಯ ನಾಯಿಗೆ ‘ಯೂಸ್‌ಲೆಸ್’ ಎಂದೂ ಮನಸ್ಸಿನಲ್ಲೇ ಬಿರುದು ಕೊಟ್ಟಿದ್ದೆ. ಒಂದು ದಿನ ಊಟಕ್ಕೆ ಇಕ್ಕುತ್ತಿದ್ದಾಗ ಧೈರ್ಯ ಬಂತು. ಅಣ್ಣತಂಗಿ ಅಂದಿನ ಪಾಠದ ಮಾತನ್ನೇ ಆಡುತ್ತಿದ್ದರು. ಅಡುಗೆ ಮಾಡುವುದಕ್ಕೆ ‘ಕುಕ್’ ಅನ್ನುತ್ತಾರೆಂದು ಕೇಳಿದ್ದೆ. ಟೀಚ್ ಮಾಡುವವನು ಟೀಚರ್ ಆದಮೇಲೆ ಲೆಕ್ಕ ಸರಿಯಾಯಿತಲ್ಲ! ಸೌಟು ಹಿಡಿದುಕೊಂಡೇ, ‘ನೀವು ಟೀಚರ್, ನಾನು ಕುಕ್ಕರ್’ ಎಂದೆ.

ಇವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ನಗಲು ಶುರುಮಾಡಿದರು. ತುತ್ತು ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ‘ಕುಕ್ಕರ್ ಅಂದ್ರೆ ಪಾತ್ರೆ ಕಣಮ್ಮಿ, ಬೇಯ್ಸೋ ಪಾತ್ರೆ. ಅಡುಗೆಯೋನ್ನ ಕುಕ್ ಅಂತ್ಲೇ ಅಂತಾರೆ, ಅಲ್ಲಿ ಬಾಲ ಬರಾಕಿಲ್ಲ’ ಎಂದು ಹೇಳುವಾಗಲೂ ನಗುತ್ತಿದ್ದರು. ನಾದಿನಿಯೂ ತಲೆ ತಗ್ಗಿಸಿಕೊಂಡು ನಕ್ಕಳು. ಅವಳ ನಗು ಸಣ್ಣದು, ಆದರೆ ನನಗೆ ಕಂಡದ್ದು ಅದೊಂದೇ. ‘ಗಂಡ ಬುಟ್ಟ ಈ ನನ್ ಸವತಿ ಕೂಡ ನನ್ನ ಪಾತ್ರೆ ಮಾಡಿ ನಗಾಡ್ತಾಳೆ’ ಎಂದು ಒಲೆಗೆ ಹೇಳಿಕೊಂಡೆ. ನಾದಿನಿಯನ್ನು ಸವತಿ ಎಂದದ್ದು ಎಂಥ ಮಾತೆಂದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ನಾನು ಬಾಯಿ ಬಿಡಲಿಲ್ಲ, ಕಿವಿ ಮಾತ್ರ ಬಿಟ್ಟುಕೊಂಡೇ ಇದ್ದೆ.

ಆ ಬೇಸಿಗೆಯಲ್ಲಿ ನನಗೆ ಕೆಲವು ದಿನ ಬಲು ಸುಖವಾಗಿ ಹೋದವು. ಅದರ ಕಾರಣ ಹೀಗೆ. ಶಾಲೆಯ ಇನ್ನೊಬ್ಬ ಮೇಷ್ಟರು ಜಗಲಿಯಲ್ಲಿ ಕೂತು ಇವರೊಂದಿಗೆ ಮಾತಾಡುತ್ತ ತಂಗಿಯ ಬರವಣಿಗೆ ಹೇಗಿದೆಯೆಂದು ವಿಚಾರಿಸಿದರು. ಇವರು ಒಳಗಿಂದ ಅವಳು ಬರೆದ ಹಾಳೆ ತರಿಸಿ ತೋರಿಸಿದರು. ಮೇಷ್ಟರು ನೋಡಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ, ‘ಪ್ರೈಸ್‌ಲೆಸ್’. ಇವರೂ ತಲೆಯಾಡಿಸಿ, ‘ಯೆಸ್, ಪ್ರೈಸ್‌ಲೆಸ್’ ಎಂದರು. ಪ್ರೈಸ್ ಅಂದರೆ ಬೆಲೆ. ಸಂತೆಯ ಪಾಠದಲ್ಲಿ ಬಂದಿತ್ತು. ಲೆಸ್ ಅಂದರೆ ಇಲ್ಲ. ಬೆಲೆಯಿಲ್ಲದ್ದು! ಮೂರು ಕಾಸಿಗೂ ಬಾರದ್ದು! ಗೋಡೆಗೆ ಒರಗಿಕೊಂಡು ನಾನು ಎರಡು ಮೂರು ಸಲ ಆ ಪದವನ್ನು ಬಾಯಲ್ಲಿ ಚಪ್ಪರಿಸಿದೆ. ಪಾಪ, ಎದುರಿಗೆ ಹೇಳಲಾರದೆ ಇವರು ತಂಗಿಯ ಬೆನ್ನ ಹಿಂದೆ ಒಪ್ಪಿಕೊಂಡರು ಅನ್ನಿಸಿತು. ಅವಳ ಮೇಲೆ ಕನಿಕರವೇ ಬಂತು. ಅಂದು ಅವಳ ಎಲೆಗೆ ತುಪ್ಪ ಜಾಸ್ತಿ ಹಾಕಿದೆ. ಮಾರನೆಯ ದಿನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಅವಳಿಗೆ ಆಶ್ಚರ್ಯ. ‘ಅತ್ಗಮ್ಮ, ಏನ್ ಇವತ್ತು?’ ಎಂದು ಕೇಳಿದಳು. ‘ಏನಿಲ್ಲ ಬುಡು’ ಎಂದೆ.

ಆ ಸುಖವನ್ನು ಮುರಿದವರೂ ಇವರೇ. ಒಂದು ಸಂಜೆ ಪಾಠದಲ್ಲಿ, ‘ಲೆಸ್ ಬಂದ ಕಡೆಯೆಲ್ಲ ಕೀಳು ಅಂತ ತಿಳೀಬೇಡ ಕಣವ್ವ. ಪ್ರೈಸ್‌ಲೆಸ್ ಅಂದ್ರೆ ಬೆಲೆ ಕಟ್ಟಾಕೆ ಆಗದ್ದು, ಅಷ್ಟು ದೊಡ್ಡದು. ನಿನ್ನ ಕೈಬರಹ ನೋಡಿ ನಮ್ಮ ಮೇಷ್ಟ್ರು ಅಂದ ಮಾತದು’ ಎಂದರು. ನನಗೆ ಆ ತುಪ್ಪ, ಆ ಎಣ್ಣೆ, ಆ ಜಡೆ ಎಲ್ಲ ಒಟ್ಟಿಗೆ ನೆನಪಾಯಿತು. ಒಂದೇ ಬಾಲ ಒಂದು ಕಡೆ ಉಪಯೋಗವಿಲ್ಲದ ನಾಯಿಗೆ, ಇನ್ನೊಂದು ಕಡೆ ಬೆಲೆಕಟ್ಟಲಾಗದ ಅವಳ ಬರಹಕ್ಕೆ. ಇಂಗ್ಲಿಷ್ ಭಾಷೆಯೂ ಅವಳ ಕಡೆಗೇ ಸೇರಿಕೊಂಡಿತಲ್ಲ ಎಂದು ಕುದಿದೆ.

ಆ ಹೊತ್ತಿಗೆ ನನ್ನ ಮದುವೆಯಾಗಿ ವರ್ಷಗಳಾಗಿದ್ದವು. ಮಕ್ಕಳಾಗಿರಲಿಲ್ಲ. ಅತ್ತೆ ಬಂದಾಗಲೆಲ್ಲ ಹೊಟ್ಟೆಯ ಕಡೆ ನೋಡಿ ಉಸಿರು ಬಿಡುತ್ತಿದ್ದರು.

ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿದ್ದಾಗ ಆತಗೂರಿನ ಕಡೆಯಿಂದ ಸುದ್ದಿ ಬಂತು. ನಾದಿನಿಯ ಗಂಡನ ಎರಡನೆಯ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ಮಗು ಉಳಿದಿತ್ತು. ಆಮೇಲೆ ಒಂದು ದಿನ ಅವನು, ಅವನ ತಾಯಿ, ಊರಿನ ಇಬ್ಬರು ಹಿರಿಯರು, ಜೊತೆಗೆ ಪೂರಿಗಾಲಿಯಿಂದ ಅತ್ತೆ ಮಾವ, ಎಲ್ಲರೂ ನಮ್ಮ ಮನೆಗೆ ಬಂದು ಕೂತರು. ಭಾನುವಾರ ಬೆಳಗಿನ ಹೊತ್ತು. ಪಡಸಾಲೆ ತುಂಬಿಹೋಯಿತು. ಬಾಗಿಲ ಪಕ್ಕ ನಾದಿನಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಅಡುಗೆಮನೆಯ ಗೋಡೆಯ ಈಚೆ.

ಹಿರಿಯರಲ್ಲಿ ಒಬ್ಬರು ಮಾತು ತೆಗೆದರು. ಆದದ್ದು ಆಯಿತು, ಹುಡುಗನಿಗೆ ಬುದ್ಧಿ ಬಂದಿದೆ, ಹಾಲುಗೂಸಿಗೆ ತಾಯಿ ಬೇಕು, ಕಟ್ಟಿಕೊಂಡ ಹೆಂಡತಿ ಇರುವಾಗ ಬೇರೆ ಕಡೆ ಹುಡುಕುವುದು ಮನೆತನಕ್ಕೆ ಸಲ್ಲದು ಎಂದರು. ಅವಳ ಗಂಡ ಮಾತ್ರ ಪೇಟದ ಚುಂಗು ತಿರುವುತ್ತ ಕೂತಿದ್ದ. ಅತ್ತೆಗೆ ಕಣ್ಣಲ್ಲಿ ನೀರು. ಅವರಿಗೆ ಮಗಳು ಮತ್ತೆ ಗಂಡನ ಮನೆ ಸೇರುವುದಕ್ಕಿಂತ ಬೇರೆ ಪುಣ್ಯವಿರಲಿಲ್ಲ. ಮಾವ ನೆಲ ನೋಡುತ್ತಿದ್ದರು. ಇವರು, ಮೇಷ್ಟರು, ಶಾಲೆಯಲ್ಲಿ ಹುಲಿಯಂತಿದ್ದವರು, ಹಿರಿಯರ ಮುಂದೆ ಹೂಂ ಅನ್ನಲೂ ಆಗದೆ ಊಹೂಂ ಅನ್ನಲೂ ಆಗದೆ ಚಾಪೆಯ ಕಡ್ಡಿ ಕೀಳುತ್ತಿದ್ದರು. ಕೊನೆಗೆ ಮೆಲ್ಲಗೆ ಇವರು ಪರೀಕ್ಷೆಯ ಮಾತು ತೆಗೆದದ್ದಕ್ಕೆ ಇನ್ನೊಬ್ಬ ಹಿರಿಯರು, ‘ಮಗೀಗ್ ಆಲು ಕುಡ್ಸಾಕೆ ಇಂಗ್ಲೀಸ್ ಬೇಕಾ ಮೇಷ್ಟ್ರೇ?’ ಎಂದುಬಿಟ್ಟರು.

ಆಗ ಆ ಗಂಡಿನ ತಾಯಿ ಎದ್ದು, ಸೆರಗಿನಲ್ಲಿ ಸುತ್ತಿದ್ದ ಮಗುವನ್ನು ತಂದು ನಾದಿನಿಯ ಕೈಗೆ ಇಟ್ಟರು. ಹೆಣ್ಣುಮಗು. ಅದು ಅಳಲಿಲ್ಲ. ಇವಳ ಕುಪ್ಪಸದ ಅಂಚನ್ನು ಹಿಡಿದುಕೊಂಡು ಮಿಕಮಿಕ ನೋಡಿತು. ನಾದಿನಿ ಅದರ ತಲೆಯನ್ನು ತೋಳಿನ ಮಡಿಕೆಗೆ ಸರಿಮಾಡಿಕೊಂಡಳು. ಹೆತ್ತವಳ ಹಾಗೆ, ಯಾರೂ ಹೇಳಿಕೊಡದೆ. ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಆ ಗಳಿಗೆಯಲ್ಲಿ ಖಚಿತವಾಯಿತು.

ನಾನು ಇಷ್ಟು ದಿನ ಬೇಡಿಕೊಂಡದ್ದು ಅದನ್ನೇ ತಾನೇ? ಆದರೆ ನನ್ನೊಳಗೆ ಎದ್ದದ್ದು ಸಂತೋಷವಲ್ಲ. ಮೊದಲು ಆ ಮಗು ನನ್ನ ಕಣ್ಣಿಗೆ ಚುಚ್ಚಿತು. ವರ್ಷಗಟ್ಟಲೆ ಕಾದ ನನ್ನ ಮಡಿಲು ಬರಿದಾಗಿದೆ, ಹೆರದೆ ಹೊರದೆ ಅವಳಿಗೆ ಮಗುವೂ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇವಳು ಹೋದರೆ ನಾಳೆ ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸುವುದಿಲ್ಲ. ಪದದ ಮುಂದೆ ‘ಡಿಸ್’ ಸೇರಿಸುವ ಪಾಠ ಅರ್ಧಕ್ಕೆ ನಿಂತಿದೆ. ‘ರೀ’ ಇನ್ನೂ ಬಂದೇ ಇಲ್ಲ. ಇವರು ನನಗೋಸ್ಕರ ಬಾಯಿ ಬಿಡುವವರಲ್ಲ. ನನಗೆ ಬೀಳುತ್ತಿದ್ದ ಎಂಜಲೂ ನಿಂತುಹೋಗುತ್ತದೆ.

ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿದರು. ನಾದಿನಿಗೂ ನನಗೂ ಒಳಗೊಳಗೇ ಸರಿಯಿಲ್ಲವೆಂಬುದು ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ತಮಗೆ ಬೇಕಾದ ಮಾತು ಬರುತ್ತದೆಂದು ನಂಬಿ ಕೇಳಿದರು.

‘ಮನೆ ನಡ್ಸೋಳು ನೀನು. ನೀನೊಂದ್ ಮಾತು ಯೋಳವ್ವ. ಕಳ್ಸಾನೋ ಬ್ಯಾಡ್ವೊ?’

‘ಕಳ್ಸಾಕಿಲ್ಲ’ ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ‘ಪರೀಕ್ಸೆ ಆಗ್ಲಿ. ಅಲ್ಲಿಗಂಟ ಅವಳು ಈ ಮನೆ ಬಾಗ್ಲು ದಾಟಾಕಿಲ್ಲ. ಆಮೇಕೆ ಓಗೋದು ಬುಡೋದು ಅವಳಿಷ್ಟ. ಬೇಕಾದಾಗ ಕರ್ಕೊಂಡು ಬ್ಯಾಡಾದಾಗ ಬುಡಾಕೆ ಅವಳೇನ್ ಬಾಡಿಗೆ ಎತ್ತಾ?’

ಸೊಸೆಯೊಬ್ಬಳು ಹಿರಿಯರ ಮುಂದೆ ಹೀಗೆ ಮಾತಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಇವರಿಗೆ ಮಾತು ಬಂತು. ‘ನಮ್ಮನೆಯೋಳು ಯೋಳಿದ್ದೇ ನನ್ನ ಮಾತು’ ಎಂದರು. ಕೊನೆಗೆ ಮಾವ ತಲೆಯೆತ್ತಿ ಮಗಳನ್ನೇ ಕೇಳಿದರು. ಅವಳು ಆ ಮಗುವಿನ ಹಣೆಯ ಮೇಲಿನ ಕೂದಲನ್ನು ಒಂದು ಸಲ ಸವರಿ, ಅದನ್ನು ಅಜ್ಜಿಯ ಕೈಗೆ ವಾಪಸು ಕೊಟ್ಟಳು. ‘ನಾನು ಓದ್ತೀನಪ್ಪ’ ಎಂದಳು.

ಬಂದವರು ಊಟಕ್ಕೂ ನಿಲ್ಲಲಿಲ್ಲ. ಅತ್ತೆ ನನ್ನೊಂದಿಗೆ ಬಹಳ ಕಾಲ ಮಾತು ಬಿಟ್ಟರು. ಆ ಗಂಡು ಅದೇ ವರ್ಷ ಬೇರೆ ಕಡೆ ಹೆಣ್ಣು ತಂದ. ಆ ಮಗುವಿಗೆ ನಾದಿನಿ ಮುಂದೆ ಹಬ್ಬ ಬಂದಾಗಲೆಲ್ಲ ಲಂಗ ಹೊಲಿಸಿ ಕಳಿಸುತ್ತಿದ್ದಳೆಂಬುದು ನನಗೆ ಗೊತ್ತು.

ಮಳವಳ್ಳಿಯಲ್ಲಿ ಸುದ್ದಿ ಹರಡಿ ನನ್ನನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾದಿನಿಯನ್ನು ಒಡಹುಟ್ಟಿದವಳ ಹಾಗೆ ಕಾಪಾಡಿದಳಂತೆ, ಎಂಥ ದೊಡ್ಡ ಮನಸ್ಸಂತೆ. ನಾನು ತಡೆಯಲಿಲ್ಲ. ಹೊಗಳಿಕೆ ಬಂದಾಗ ಬಾಗಿಲು ಹಾಕುವಷ್ಟು ಶ್ರೀಮಂತಿಕೆ ನನಗೆ ಇರಲಿಲ್ಲ. ಇವರಿಗೂ ನನ್ನ ಮೇಲೆ ಹೊಸ ಮರ್ಯಾದೆ ಬಂತು. ಮೆಲ್ಲಗೆ ಹತ್ತಿರ ಬಂದು, ‘ನಿಂಗೇನ್ ಬೇಕು ಕೇಳಮ್ಮಿ’ ಎಂದರು. ಬಹುಶಃ ಓಲೆಯೋ ಸೀರೆಯೋ ಕೇಳುತ್ತೇನೆ ಅಂದುಕೊಂಡಿದ್ದರು. ‘ನಂಗೂ ಯೋಳ್ಕೊಡಿ’ ಎಂದೆ. ಏನನ್ನು ಎಂದು ಕೇಳಿದರು. ‘ಡಿಸ್’ ಎಂದೆ.

ಹೀಗೆ ನಾನು ಗೋಡೆಯ ಆಚೆಗೆ ದಾಟಿದೆ. ಅಡುಗೆ ಬೇಗ ಮುಗಿಸಿ ಚಾಪೆಯ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಕೂತ ಮೇಲೆ ಹೊಟ್ಟೆಕಿಚ್ಚು ಆರುತ್ತದೆ ಅಂದುಕೊಂಡಿದ್ದೆ, ಅದು ಇನ್ನೂ ಉರಿಯಿತು. ಬಾಯಿಪಾಠದಲ್ಲಿ ನಾನೇ ಮುಂದು. ‘ಒಬೇ’ ಎಂದರೆ ಸಾಕು, ‘ಡಿಸ್‌ಒಬೇ’ ಎಂದು ಅವಳು ತುಟಿ ತೆರೆಯುವ ಮೊದಲೇ ಹೇಳುತ್ತಿದ್ದೆ. ಆದರೆ ಬಳಪ ಹಿಡಿದರೆ ನನ್ನ ಅಕ್ಷರ ಕೋಳಿ ಕೆದರಿದ ತಿಪ್ಪೆ; ಅವಳದು ಜೋಡಿಸಿಟ್ಟ ಮಲ್ಲಿಗೆ. ಇವರು ನನ್ನ ಸ್ಲೇಟು ನೋಡಿ ಸುಮ್ಮನೆ ಒರೆಸುತ್ತಿದ್ದರು, ಅವಳ ಸ್ಲೇಟನ್ನು ಒರೆಸಲು ಮನಸ್ಸಾಗದೆ ಗೋಡೆಗೆ ಒರಗಿಸಿಡುತ್ತಿದ್ದರು.

ಅವಳು ಪಾಸಾದಳು. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿದಳು. ಮದ್ದೂರಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಅವಳು ಮೈಸೂರಿಗೆ ಹೋದ ಮೇಲೆ ನಮ್ಮ ಮನೆಯ ಪಾಠ ತಾನಾಗಿಯೇ ತೆಳ್ಳಗಾಯಿತು. ಇಂದು ತಲೆನೋವು, ನಾಳೆ ಶಾಲೆಯ ಮೀಟಿಂಗು, ನಾಡಿದ್ದು ವರ್ತಮಾನಪತ್ರಿಕೆ. ಕೊನೆಗೆ ನಾನೂ ಕೇಳುವುದನ್ನು ಬಿಟ್ಟೆ. ಒಬ್ಬಳೇ ಶಿಷ್ಯೆಯಾದಾಗ ನಾನು ಮೇಷ್ಟರಿಗೆ ಸಾಲಲಿಲ್ಲ ಎಂಬುದು ನನಗೆ ಅರ್ಥವಾಯಿತು, ಅದನ್ನು ನುಂಗುವುದು ಮಾತ್ರ ಕಷ್ಟವಾಯಿತು.

ಮುಂದಿನ ವರ್ಷ ಸಂಬಂಧಿಕರ ಮನೆಯ ನಾಮಕರಣಕ್ಕೆಂದು ಮದ್ದೂರಿಗೆ ಹೋದವಳು ಅವಳ ಶಾಲೆಗೂ ಹೋದೆ. ಹುರಿಹಿಟ್ಟು, ಹುಣಸೆಹಣ್ಣು ಕಟ್ಟಿಕೊಂಡಿದ್ದೆ. ಕೊಡುವುದು ನೆಪ, ನೋಡುವ ಚಪಲ. ಅವಳು ನನ್ನನ್ನು ಕಂಡು ಹಿಗ್ಗಿ, ತರಗತಿ ಮುಗಿಯುವವರೆಗೆ ಹಿಂದೆ ಕೂರಲು ಹೇಳಿದಳು. ಹುಡುಗಿಯರೆಲ್ಲ ಎದ್ದು ನಿಂತು ನನಗೆ ಕೈಮುಗಿದರು, ಮೇಡಂ ಅತ್ತಿಗೆಯೆಂದು.

ಅವಳು ಪಾಠ ಶುರುಮಾಡಿದಳು. ಅದೇ ತಲೆ ಬಾಲದ ಪಾಠ. ಇದು ನಮ್ಮ ಮನೆಯ ಸರಕು, ನಮ್ಮ ಮನೆಯವರು ಕೊಟ್ಟದ್ದು ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಆದರೆ ಅವಳು ಬೋರ್ಡಿನ ಮೇಲೆ ಬರೆಯಲಿಲ್ಲ. ಒಬ್ಬ ಹುಡುಗಿಯ ಕೈಗೆ ‘ಕೈಂಡ್’ ಎಂದು ಬರೆದ ಸ್ಲೇಟು ಕೊಟ್ಟು ನಡುವೆ ನಿಲ್ಲಿಸಿದಳು. ಇನ್ನೊಬ್ಬಳಿಗೆ ‘ಅನ್’, ಮತ್ತೊಬ್ಬಳಿಗೆ ‘ನೆಸ್’. ‘ಅನ್’ ಹಿಡಿದವಳು ಎಡಗಡೆ ಬಂದು ತಾಕಿ ನಿಂತಾಗ ನಡುವಿನ ಹುಡುಗಿ ಮುಖ ಗಂಟುಹಾಕಬೇಕು, ಅವಳು ಸರಿದು ‘ನೆಸ್’ ಬಂದಾಗ ನಗಬೇಕು. ಮಕ್ಕಳು ಬಿದ್ದು ಬಿದ್ದು ನಗುತ್ತ ಓಡಾಡಿ ಪದ ಕಟ್ಟಿದರು. ಪದದ ಅರ್ಥ ಬದಲಾಗುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಇವರು ಹೀಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಇದು ಅವಳದೇ. ಅಲ್ಲಿಯವರೆಗೆ ಅವಳಲ್ಲಿರುವುದೆಲ್ಲ ನನ್ನ ಗಂಡನಿಂದ ಹೋದದ್ದು, ಹಾಗಾಗಿ ಅದರಲ್ಲಿ ನನಗೂ ಪಾಲುಂಟು ಎಂಬ ಒಂದು ಸಮಾಧಾನವಿತ್ತು. ಅದೂ ಹೋಯಿತು.

ಮಧ್ಯಾಹ್ನ ಅವಳ ಬಾಡಿಗೆ ಕೋಣೆಯಲ್ಲಿ ಇಬ್ಬರೇ ಉಂಡೆವು. ಅಣ್ಣ ಈಗಲೂ ಪಾಠ ಹೇಳಿಕೊಡುತ್ತಾನೋ ಎಂದು ಕೇಳಿದಳು. ಇಲ್ಲವೆಂದೆ. ಹಾಗಿದ್ದರೆ ರಜೆಯಲ್ಲಿ ತಾನೇ ಬಂದು ಹೇಳಿಕೊಡುತ್ತೇನೆ, ನೀನೂ ಪರೀಕ್ಷೆಗೆ ಕಟ್ಟು ಎಂದಳು.

‘ನಿನ್ ಕೈಲಿ ಕಲಿಯಾಕಿಲ್ಲ ನಾನು’ ಎಂದೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಕೈ ತೊಳೆದು ಬಂದು ಎದುರಿಗೆ ಕೂತಳು.

‘ಅತ್ಗಮ್ಮ, ಅವತ್ತು ಪಂಚಾಯ್ತೀಲಿ ನೀನು ನನ್ನ ಯಾಕೆ ಉಳಿಸ್ಕೊಂಡೆ ಅಂತ ನಂಗೆ ಗೊತ್ತು.’

‘ಏನ್ ಗೊತ್ತು?’

‘ಪಾಠ ನಿಂತೋಯ್ತದೆ ಅಂತ. ಅಣ್ಣ ಬಾಯಿ ತೆಗೆದ್ರೆ ಸಾಕು, ಅಡುಗೆಮನೇಲಿ ಸೌಟಿನ ಸದ್ದು ನಿಂತೋಗೋದು. ನಂಗೆ ಕೇಳಿಸ್ತಿರ್ಲಿಲ್ವಾ? ಅದಕ್ಕೇ ನಾನು ನಂಗೆ ಬಂದಿದ್ದನ್ನೂ ಬರ್ನಿಲ್ಲ ಅಂತ ಅಣ್ಣನ ಕೈಲಿ ಇನ್ನೊಂದ್ಸಲ ಯೋಳಿಸ್ತಿದ್ದೆ.’

ಕೃತಜ್ಞತೆ ಉಕ್ಕಿ ಬರಬೇಕಾದ ಜಾಗ ಅದು. ನನಗೆ ಬರಲಿಲ್ಲ. ಓದಿನಲ್ಲಿ ಮುಂದೆ, ಬರಹದಲ್ಲಿ ಮುಂದೆ, ಕಡೆಗೆ ಒಳ್ಳೆಯತನದಲ್ಲೂ ಇವಳೇ ಮುಂದೆ, ನನಗೆ ಉಳಿದದ್ದಾದರೂ ಏನು ಎಂದು ಹೊಟ್ಟೆಯಲ್ಲಿ ಬೆಂಕಿ ಹೊತ್ತಿತು. ಸಂಜೆಯ ಬಸ್ಸಿಗೆ ಅವಳು ಹತ್ತಿಸಲು ಬಂದಳು. ನಾನು ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ.

ಆದರೂ ಬೇಸಿಗೆ ರಜೆಗೆ ಅವಳು ಮಳವಳ್ಳಿಗೆ ಬಂದಾಗ ನಾನೇ ಚಾಪೆ ಹಾಸಿದೆ. ಅವಳಿಗಿಂತ ಬೇರೆ ಗುರು ನನಗೆ ಸಿಗುವಂತಿರಲಿಲ್ಲ. ಎರಡು ರಜೆ ಅವಳ ಮುಂದೆ ಕೂತೆ. ನನ್ನ ಅಕ್ಷರ ಒಂದು ಹದಕ್ಕೆ ಬಂತು. ಅವಳು ತಪ್ಪು ತೋರಿಸಿದಾಗಲೆಲ್ಲ ಮುಖ ಊದಿಸಿಕೊಳ್ಳುತ್ತಿದ್ದೆ, ಮಾರನೆಯ ದಿನ ಅದೇ ತಪ್ಪು ಮಾಡುತ್ತಿರಲಿಲ್ಲ. ಮಂಡ್ಯದಲ್ಲಿ ಪರೀಕ್ಷೆಗೆ ಕೂತೆ. ನನಗಿಂತ ಎಷ್ಟೋ ಚಿಕ್ಕ ಹುಡುಗಿಯರ ನಡುವೆ ಸೆರಗು ಹೊದ್ದು ಕೂತವಳು ನಾನೊಬ್ಬಳೇ. ಇಂಗ್ಲಿಷ್ ಪತ್ರಿಕೆಯಲ್ಲಿ ಪದಗಳ ಮುಂದೆ ಹಿಂದೆ ಸೇರಿಸಿ ಅರ್ಥ ಬರೆಯುವ ಪ್ರಶ್ನೆ ಬಂದಿತ್ತು, ಒಂದನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂತು. ಲೆಕ್ಕದಲ್ಲಿ ಹೋಯಿತು. ಲೆಕ್ಕವನ್ನು ಮನೆಯಲ್ಲಿ ಯಾರೂ ಗೋಡೆಯಾಚೆ ಕೂತು ಹೇಳಿರಲಿಲ್ಲ. ಮತ್ತೆ ಕಟ್ಟು ಎಂದು ಅಣ್ಣತಂಗಿ ಇಬ್ಬರೂ ಹೇಳಿದರು, ಆದರೆ ಅಷ್ಟರಲ್ಲಿ ನಾನು ಬಸುರಿಯಾಗಿದ್ದೆ. ಆಮೇಲೆ ಮತ್ತೆ ಕಟ್ಟಲು ಆಗಲೇ ಇಲ್ಲ.

ಆ ಪರೀಕ್ಷೆಯ ಕೊನೆಯ ದಿನ ಹೊರಗೆ ಬಂದಾಗ ಮಂಡ್ಯದ ಬಿಸಿಲು ಹಂಚಿನಂತೆ ಕಾದಿತ್ತು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ. ನಾದಿನಿ ಮದ್ದೂರಿನಿಂದ ರೈಲಿನಲ್ಲಿ ಬಂದು ಗೇಟಿನ ಹೊರಗೆ ಕಾಯುತ್ತಿದ್ದಳು. ಕೈಯಲ್ಲಿ ಕೊಡೆ. ಹೆಂಗಸೊಬ್ಬಳು ತನ್ನದೇ ಕೊಡೆ ಹಿಡಿದು ಬೀದಿಯಲ್ಲಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೇಗಾಯಿತೆಂದು ಕೇಳಿದಳು. ಲೆಕ್ಕ ಕೈಕೊಟ್ಟಿತೆಂದೆ. ಅವಳು ಕೊಡೆಯನ್ನು ನನ್ನ ಕಡೆಗೆ ಓರೆ ಮಾಡಿದಳು. ಸ್ಟೇಷನ್ನಿನವರೆಗೆ ಇಬ್ಬರೂ ಅದರಡಿಯಲ್ಲೇ ನಡೆದೆವು. ಅವಳ ಅರ್ಧ ಬೆನ್ನು ಬಿಸಿಲಲ್ಲಿತ್ತು. ಕೊಡೆಗೆ ಕಪ್ಪು ಬಟ್ಟೆ, ಬಾಗಿದ ಬೆತ್ತದ ಹಿಡಿ, ಒತ್ತಿದರೆ ಚಟ್ಟೆಂದು ಬಿಚ್ಚಿಕೊಳ್ಳುವಂಥದು. ಅಂಥದೇ ಒಂದು ನನಗೂ ಬೇಕೆಂದು ಆಮೇಲೆ ಇವರನ್ನು ಪೀಡಿಸಿ, ಕೊನೆಗೂ ತರಿಸಿಕೊಂಡೆ. ಅದರ ಹಿಡಿ ಮಾತ್ರ ಅವಳದರಷ್ಟು ಚೆನ್ನಾಗಿರಲಿಲ್ಲ.